ಬಲ್ಬಿನೊಳಗಿನ ಗುಲಾಬಿ: ಉರಿಸುವ ಮೊದಲು, ಕೊಳ್ಳುವ ಮೊದಲು

ಪ್ರಶ್ನೆ: ನಮ್ಮ ಚಿಕ್ಕಮ್ಮನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಹಳೆಯ ಮನೆಯೊಂದರ ಸಾಮಾನು ಮಾರುವಾಗ ಎರಡು ಬಲ್ಬ್ ತಗೊಂಡಿದ್ದಾನೆ. ಒಂದರೊಳಗೆ ತಗಡಿನ ಗುಲಾಬಿ ಹೂವು, ಎಲೆ, ಇನ್ನೊಂದರಲ್ಲಿ ಹಕ್ಕಿ. ಫಿಲಮೆಂಟ್ ಇಲ್ಲ. ಸ್ವಿಚ್ ಹಾಕಿದರೆ ಹೂವೇ ಬಣ್ಣಬಣ್ಣವಾಗಿ ಹೊಳೆಯುತ್ತೆ ಅಂತಾನೆ. ದೀಪಾವಳಿಗೆ ಬರುವಾಗ ತರುತ್ತಾನಂತೆ. ನಮ್ಮ ಎಲೆಕ್ಟ್ರಿಷಿಯನ್ ‘ಸೀರೀಸ್‌ನಲ್ಲಿ ಹಾಕಿದರೆ ಇಲ್ಲೂ ಉರಿಯುತ್ತೆ’ ಅಂದರು. ಹಾಗೆ ಮಾಡಬಹುದಾ? ಇಂಥವನ್ನು ಸಂಗ್ರಹಿಸುವ ಆಸೆಯೂ ಹುಟ್ಟಿದೆ. ಏನು ನೋಡಿ ಕೊಳ್ಳಬೇಕು? ಬೆಲೆ ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ನಿಮ್ಮ ತಮ್ಮ ಬಲ್ಬ್ ತಂದ ದಿನ ಖುಷಿಯಲ್ಲಿ ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತಬೇಡಿ. ಸೀರೀಸ್ ಬೋರ್ಡಿಗೂ ಹಾಕಬೇಡಿ.

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದಕ್ಕೆ ಕಾರಣ ಇದೆ. ಮಿಕ್ಸಿಯೋ ಇಸ್ತ್ರಿಪೆಟ್ಟಿಗೆಯೋ ಶಾರ್ಟ್ ಆಗಿದೆಯಾ ಅಂತ ನೋಡಲು ಅವರು ದಿನಾ ಸೀರೀಸ್‌ನಲ್ಲಿ, ಅಂದರೆ ಕರೆಂಟಿನ ಅದೇ ದಾರಿಯಲ್ಲಿ ನಡುವೆ, ಒಂದು ಬಲ್ಬ್ ಹಾಕಿ ಪರೀಕ್ಷೆ ಮಾಡುತ್ತಾರೆ. ಅಂಥ ಸಾಮಾನುಗಳು ಕರೆಂಟನ್ನು ಜಾಸ್ತಿ ಎಳೆಯುತ್ತವೆ, ಹಾಗಾಗಿ ನಡುವಿನ ಬಲ್ಬ್ ಅದನ್ನು ತಡೆಯುತ್ತದೆ. ನಿಮ್ಮ ಗುಲಾಬಿ ಎಳೆಯುವುದು ಕೆಲವೇ ಮಿಲಿ ಆಂಪಿಯರ್. 230 ವೋಲ್ಟಿನ 60 ವ್ಯಾಟ್ ಬಲ್ಬಿನ ತಂತಿಗೆ ಪೂರ್ತಿ ಕಾದಾಗ ಸುಮಾರು 880 ಓಮ್ ತಡೆ ಇರುತ್ತದೆ. ತಣ್ಣಗಿದ್ದಾಗ ಅದರ ಹತ್ತನೇ ಒಂದು ಪಾಲೂ ಇರುವುದಿಲ್ಲ. 20 ಮಿಲಿ ಆಂಪಿಯರ್ ಹರಿಯಿತು ಅಂದುಕೊಂಡರೂ ಆ ಬಲ್ಬ್ ನುಂಗುವುದು ಎರಡು ವೋಲ್ಟಿಗಿಂತ ಕಡಿಮೆ. ಉಳಿದದ್ದೆಲ್ಲ ನೇರವಾಗಿ ಗುಲಾಬಿಯ ಮೇಲೆ ಬೀಳುತ್ತದೆ. ಸೀರೀಸ್ ಹಾಕಿದ್ದೇವೆ ಅನ್ನುವ ಧೈರ್ಯ ಮಾತ್ರ ನಮಗೆ, ರಕ್ಷಣೆ ಬಲ್ಬಿಗೆ ಇಲ್ಲ.

ಆ ಬಲ್ಬ್ ತಯಾರಾದದ್ದು ಅಮೆರಿಕದ 110–120 ವೋಲ್ಟಿಗೆ. ಅದರ ಬುಡದ ಹಿತ್ತಾಳೆಯೊಳಗೆ ಕರೆಂಟನ್ನು ತಡೆಯುವ ಒಂದು ಪುಟ್ಟ ರೆಸಿಸ್ಟರ್ ಕೂತಿರುತ್ತದೆ. ಉರಿಯುವಾಗ ಒಳಗಿನ ಅನಿಲಕ್ಕೆ ಸುಮಾರು 60 ವೋಲ್ಟ್ ಸಾಕು ಅಂತ ಇಟ್ಟುಕೊಳ್ಳಿ. ಅಲ್ಲಿ ಮಿಕ್ಕ 60 ವೋಲ್ಟನ್ನು ರೆಸಿಸ್ಟರ್ ಹೊರುತ್ತದೆ. ನಮ್ಮ 230ರಲ್ಲಿ ಅದು 170 ವೋಲ್ಟ್ ಹೊರಬೇಕಾಗುತ್ತದೆ. ಕರೆಂಟ್ ಹತ್ತಿರ ಹತ್ತಿರ ಮೂರು ಪಟ್ಟು, ರೆಸಿಸ್ಟರಿನ ಬಿಸಿ ಎಂಟು ಪಟ್ಟು. ಇದು ಅಂದಾಜಿನ ಲೆಕ್ಕವೇ. ಆದರೂ ಅಪಾಯ ಎಷ್ಟು ಅಂತ ತಿಳಿಯಲು ಇಷ್ಟು ಸಾಕು. ಹೂವು ಒಮ್ಮೆ ಜೋರಾಗಿ, ಚೆನ್ನಾಗಿಯೇ ಹೊಳೆಯಬಹುದು. ಹತ್ತಾರು ವರ್ಷ ಉಳಿದುಬಂದ ವಸ್ತು ಅಷ್ಟರಲ್ಲೇ ಮುಗಿದುಹೋಗಬಹುದು.

ಬೇಕಾದದ್ದು 230ರಿಂದ 110 ವೋಲ್ಟಿಗೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಕಬ್ಬಿಣದ ಕೋರ್, ತಾಮ್ರದ ಸುತ್ತು ಇರುವ ಹಳೇ ಕಾಲದ ಮಾದರಿಯೇ ಆಗಬೇಕು. ಸಾಮರ್ಥ್ಯ 50 ವಿಎ (ವೋಲ್ಟ್ ಆಂಪಿಯರ್) ಇದ್ದರೂ ಧಾರಾಳ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ. ಸ್ಟೆಬಿಲೈಸರ್ ರಿಪೇರಿ ಮಾಡುವವರು, ಕಾಯಿಲ್ ಸುತ್ತುವವರು ನಿಮ್ಮ ಊರಲ್ಲಿದ್ದರೆ ಅವರೂ ಮಾಡಿಕೊಡುತ್ತಾರೆ. ಪ್ರವಾಸಿಗರಿಗೆ ಅಂತ ಮಾರುವ, ಅಂಗೈಯಷ್ಟಿರುವ, ‘1600 ವ್ಯಾಟ್’ ಅಂತ ಬರೆದಿರುವ ಹಗುರ ಕನ್ವರ್ಟರ್ ಬೇಡವೇ ಬೇಡ. ಅವುಗಳಲ್ಲಿ ಹಲವು ವೋಲ್ಟೇಜನ್ನು ನಿಜವಾಗಿ ಇಳಿಸುವುದಿಲ್ಲ, ಕರೆಂಟಿನ ಅಲೆಯನ್ನು ಕತ್ತರಿಸಿ ಕಳಿಸುತ್ತವೆ. ಹೇರ್ ಡ್ರೈಯರಿಗೆ ಅದು ನಡೆಯುತ್ತದೆ, ಇದಕ್ಕೆ ನಡೆಯಲ್ಲ. ಫ್ಯಾನಿನ ರೆಗ್ಯುಲೇಟರ್, ಡಿಮ್ಮರ್ ಕೂಡ ಬೇಡ. ಅಲ್ಲಿಯ ಕರೆಂಟು ಸೆಕೆಂಡಿಗೆ 60 ಅಲೆ (ಹರ್ಟ್ಸ್), ಇಲ್ಲಿಯದು 50 ಅನ್ನುವ ಚಿಂತೆ ಬೇಡ. ರೆಸಿಸ್ಟರಿಗೆ ಎರಡೂ ಒಂದೇ.

ಹೋಲ್ಡರ್ ಸಮಸ್ಯೆಯೇ ಅಲ್ಲ. ಅಮೆರಿಕದ ತಿರುಪಿನ ಬುಡ ಇಲ್ಲಿ ಸಿಗುವ ದೊಡ್ಡ ಸ್ಕ್ರೂ ಹೋಲ್ಡರಿಗೆ ಕೂರುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಮನೆಗೆ ಬಂದ ಯಾರೋ ಸುಮ್ನೆ ನೋಡೋಣ ಅಂತ ಬೇರೆ ಲ್ಯಾಂಪಿಗೆ ಹಾಕಿಬಿಟ್ಟರೆ? ಅದಕ್ಕೆ ಒಂದು ಟೇಬಲ್ ಲ್ಯಾಂಪನ್ನು ಇದಕ್ಕೇ ಮೀಸಲಿಡಿ. ಅದರ ವಯರನ್ನು ಟ್ರಾನ್ಸ್‌ಫಾರ್ಮರಿಗೇ ಖಾಯಂ ಜೋಡಿಸಿಬಿಡಿ. ಅಮೆರಿಕದ ಚಪ್ಪಟೆ ಪಿನ್ನಿನ ಪ್ಲಗ್ ಇದ್ದರೆ ಕ್ಷೇಮ ಅಂದುಕೊಳ್ಳಬೇಡಿ. ನಮ್ಮ ಎಕ್ಸ್‌ಟೆನ್ಶನ್ ಬೋರ್ಡುಗಳ ಎಷ್ಟೋ ಸಾಕೆಟ್‌ಗಳಿಗೆ ಅದೂ ಹೋಗುತ್ತದೆ. ವಯರಿಗೆ ‘110 ಮಾತ್ರ’ ಅಂತ ದೊಡ್ಡದಾಗಿ ಬರೆದ ಚೀಟಿ ಕಟ್ಟಿ.

ಇನ್ನು ಆ ಬಲ್ಬಿನೊಳಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಬರೋಣ. ಇದು ಗೊತ್ತಾದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ನಿಮ್ಮ ಮನೆಯ ಟೆಸ್ಟರ್ ತೆಗೆದು ನೋಡಿ. ಹಿಡಿಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಕೊಳವೆ, ಅದರೊಳಗೆ ಅಕ್ಕಪಕ್ಕ ಎರಡು ಕಡ್ಡಿ. ಅದು ನಿಯಾನ್ ದೀಪ. ನಿಮ್ಮ ಗುಲಾಬಿಯ ಖಾಸಾ ಬಂಧು. ಗಾಜಿನೊಳಗಿನ ಗಾಳಿಯನ್ನೆಲ್ಲ ತೆಗೆದು ಕಡಿಮೆ ಒತ್ತಡದಲ್ಲಿ ನಿಯಾನ್ ತುಂಬಿರುತ್ತಾರೆ. ಎರಡು ಕಡ್ಡಿಗಳ ನಡುವೆ ವೋಲ್ಟೇಜ್ ಸಾಕಷ್ಟು ಏರಿದಾಗ ಅನಿಲದ ಮೂಲಕ ಕರೆಂಟ್ ಹರಿಯುತ್ತದೆ. ಆಗ ನೆಗೆಟಿವ್ ಕಡೆಯ ಲೋಹಕ್ಕೆ ಅಂಟಿಕೊಂಡಂತೆ ಕಿತ್ತಳೆ ಬೆಳಕು ಮೂಡುತ್ತದೆ. ಲೋಹದ ಆಕಾರ ಹೇಗಿದೆಯೋ ಬೆಳಕಿನ ಆಕಾರವೂ ಹಾಗೆ. ಇದು ಯಾರಿಗೋ ಹೊಳೆದದ್ದೇ ತಡ, ಕಡ್ಡಿಯ ಬದಲು ಹೂವು, ಹಕ್ಕಿ, ಶಿಲುಬೆ, ಅಕ್ಷರ ಕತ್ತರಿಸಿ ಒಳಗಿಡಲು ಶುರುವಾಯಿತು.

ನಿಯಾನ್ ಅನಿಲವನ್ನು ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಕಂಡುಹಿಡಿದದ್ದು 1898ರಲ್ಲಿ. ಪ್ಯಾರಿಸ್ಸಿನಲ್ಲಿ ಜಾರ್ಜ್ ಕ್ಲೋಡ್ 1910ರಲ್ಲಿ ಉದ್ದುದ್ದ ನಿಯಾನ್ ಕೊಳವೆ ತೋರಿಸಿದರು. ಅಂಗಡಿ ಬೋರ್ಡುಗಳ ನಿಯಾನ್ ಬಂದದ್ದು ಆ ದಾರಿಯಲ್ಲಿ. ಅದಕ್ಕೆ ಸಾವಿರಾರು ವೋಲ್ಟ್ ಬೇಕು. ನಮ್ಮ ಬಲ್ಬಿನ ದಾರಿ ಬೇರೆ. 1917ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಡೇನಿಯಲ್ ಮೆಕ್‌ಫಾರ್ಲನ್ ಮೂರ್ ಎರಡು ಲೋಹಗಳನ್ನು ತೀರ ಹತ್ತಿರ ತಂದು, ಮನೆಯ ಕರೆಂಟಿನಲ್ಲೇ ಉರಿಯುವ ಪುಟ್ಟ ನಿಯಾನ್ ದೀಪ ಮಾಡಿದರು. ಟೆಸ್ಟರಿನ ದೀಪ, ಹಳೇ ಸ್ಟೆಬಿಲೈಸರ್ ಮತ್ತು ಸ್ವಿಚ್‌ಬೋರ್ಡಿನ ಕೆಂಪು ಇಂಡಿಕೇಟರ್ ಎಲ್ಲ ಅವರ ದೀಪದ ಸಂತಾನ. 1920ರ ದಶಕದ ಮೊದಮೊದಲ ಟೆಲಿವಿಷನ್ ಪ್ರಯೋಗಗಳಲ್ಲಿ ಚಿತ್ರ ಮೂಡಿಸಿದ್ದೂ ಇದೇ ಬಗೆಯ ದೀಪ. ಈ ಮನುಷ್ಯನ ಕೊನೆ ಮಾತ್ರ ದಾರುಣ. ತಾನು ಹೊಸದಾಗಿ ಕಂಡುಹಿಡಿದೆ ಅಂದುಕೊಂಡಿದ್ದಕ್ಕೆ ಮೂರ್ ಹೆಸರಿನಲ್ಲಿ ಆಗಲೇ ಪೇಟೆಂಟ್ ಇತ್ತು ಎಂಬ ಸಿಟ್ಟಿಗೆ ಕೆಲಸವಿಲ್ಲದ ಒಬ್ಬ 1936ರಲ್ಲಿ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದ. ಅದು ನಡೆದದ್ದು ನಿಮ್ಮ ತಮ್ಮ ಇರುವ ನ್ಯೂಜೆರ್ಸಿಯಲ್ಲೇ.

ಹೂಬಲ್ಬಿಗೆ ಹೆಸರು ತಂದದ್ದು ನ್ಯೂಯಾರ್ಕಿನ ಏರೋಲಕ್ಸ್ ಲೈಟ್ ಕಾರ್ಪೊರೇಷನ್. 1930ರ ದಶಕದಿಂದ 1970ರ ದಶಕದವರೆಗೆ ಅವರು ಇವನ್ನು ತಯಾರಿಸಿದರು. ನಿಮ್ಮ ಎರಡೂ ಬಲ್ಬ್ ಅವರದ್ದೇ ಆಗಿರುವ ಸಾಧ್ಯತೆ ಜಾಸ್ತಿ. ಗಾಜಿನ ಮೇಲೋ ಬುಡದ ಹಿತ್ತಾಳೆಯ ಮೇಲೋ ಗುರುತು ಇದೆಯಾ ಅಂತ ಲೆನ್ಸ್ ಹಿಡಿದು ಹುಡುಕಿ. ಅದಕ್ಕೂ ಮೊದಲು ಸ್ಪಿರಿಟ್ ಹಾಕಿ ಒರೆಸಬೇಡಿ, ಇರುವ ಅಕ್ಷರವೂ ಅಳಿಸಿಹೋದೀತು.

ಏರೋಲಕ್ಸ್‌ನ ಜಾಣತನ ಇದ್ದದ್ದು ಬಣ್ಣದಲ್ಲಿ. ಬರೀ ನಿಯಾನ್ ಆದರೆ ಎಲೆಯೂ ಕಿತ್ತಳೆ, ಹೂವೂ ಕಿತ್ತಳೆ. ಅವರು ಕೆಲವಕ್ಕೆ ನಿಯಾನ್, ಕೆಲವಕ್ಕೆ ಆರ್ಗಾನ್, ಕೆಲವಕ್ಕೆ ಎರಡರ ಮಿಶ್ರಣ ತುಂಬಿದರು. ಆರ್ಗಾನ್ ಬೆಳಕು ಮಂಕಾದ ನೇರಳೆ. ಅದರ ಜೊತೆ ಕಣ್ಣಿಗೆ ಕಾಣದ ನೇರಳಾತೀತ ಕಿರಣವೂ ಬರುತ್ತದೆ. ತಗಡಿನ ಹೂವಿನ ಮೇಲೆ ಫಾಸ್ಫರ್ ಪುಡಿ ಲೇಪಿಸಿದ್ದರೆ ಆ ಕಿರಣ ಬಿದ್ದು ಪುಡಿ ತನ್ನದೇ ಬಣ್ಣದಲ್ಲಿ ಹೊಳೆಯುತ್ತದೆ. ಎಲೆಗೆ ಹಸಿರು ಕೊಡುವ ಪುಡಿ, ದಳಕ್ಕೆ ಕೆಂಪು, ನೀಲಿ, ಹಳದಿ ಕೊಡುವ ಪುಡಿ. ಟ್ಯೂಬ್‌ಲೈಟಿನ ಒಳಗೆ ಬಿಳಿ ಪುಡಿ ಮಾಡುವ ಕೆಲಸವೂ ಇದೇ.

ಇಂಥ ಬಲ್ಬನ್ನು ಮುಸ್ಸಂಜೆ ಹೊತ್ತಿನಲ್ಲಿ, ಕೋಣೆಯ ದೀಪ ಆರಿಸಿ ಹತ್ತಿರದಿಂದ ನೋಡಬೇಕು. ಬೆಳಕು ಹೊರಗೆ ಚೆಲ್ಲುವುದೇ ಇಲ್ಲ. ದಳದ ಅಂಚಿನುದ್ದಕ್ಕೂ ತೆಳುವಾದ ಪೊರೆಯ ಹಾಗೆ ಕೂತಿರುತ್ತದೆ. ಸ್ವಲ್ಪ ನಡುಗುತ್ತದೆ, ಒಂದು ದಳದಿಂದ ಪಕ್ಕದ ದಳಕ್ಕೆ ಜರುಗಿದಂತೆ ಕಾಣುತ್ತದೆ. ಪುಡಿಯ ಬಣ್ಣದ ಹೊರಗೆ ಕೂದಲೆಳೆಯಷ್ಟು ನೇರಳೆ. ಹಲವು ಹೂಬಲ್ಬುಗಳಲ್ಲಿ ಹೂವು ಒಂದು ಎಲೆಕ್ಟ್ರೋಡ್ (ಟೆಸ್ಟರಿನೊಳಗಿನ ಒಂದು ಕಡ್ಡಿಯ ಹಾಗೆ), ಎಲೆ ಮತ್ತು ಕಾಂಡ ಇನ್ನೊಂದು. ದಿಕ್ಕು ಬದಲಿಸುತ್ತಲೇ ಇರುವ ನಮ್ಮ ಎಸಿ ಕರೆಂಟಿನಲ್ಲಿ ಸೆಕೆಂಡಿಗೆ 50 ಸಲ ಹೂವು, 50 ಸಲ ಎಲೆ, ಸರದಿಯಂತೆ ಹೊತ್ತಿ ಆರುತ್ತವೆ. ಕಣ್ಣಿಗೆ ಎರಡೂ ಒಟ್ಟಿಗೆ ಉರಿದಂತೆ ಕಾಣುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆದು ನೋಡಿ, ಹೂವು ಆರಿದಾಗ ಎಲೆ, ಎಲೆ ಆರಿದಾಗ ಹೂವು. ನಿಮ್ಮ ಮನೆಯ ಮಕ್ಕಳಿಗೆ ಎಸಿ ಕರೆಂಟ್ ಅಂದರೇನು ಅಂತ ತೋರಿಸಲು ಇದಕ್ಕಿಂತ ಚೆಂದದ ಉಪಾಯ ನಾನು ಕಂಡಿಲ್ಲ.

ಈಗ ಸಂಗ್ರಹದ ವಿಷಯ. ನನ್ನ ಮಾತು ಒಂದೇ: ಈ ಬಲ್ಬಿನ ಜೀವ ಇರುವುದು ಆ ಪುಡಿಯಲ್ಲಿ. ಅಪರೂಪದ ಆಕಾರ, ಕಂಪನಿಯ ಹೆಸರು, ಹಳೇ ಡಬ್ಬ ಎಲ್ಲ ಆಮೇಲೆ. ಲೇಪನ ಚೆನ್ನಾಗಿರುವ ಸಾಮಾನ್ಯ ಗುಲಾಬಿ, ಲೇಪನ ಉದುರಿದ ಅಪರೂಪದ ಹಕ್ಕಿಗಿಂತ ಮೇಲು. ಒಳಗಿನ ಪುಡಿಯನ್ನು ಮತ್ತೆ ಹಚ್ಚಲು ಯಾರಿಂದಲೂ ಆಗದು, ಗಾಜು ಒಡೆದರೆ ಅನಿಲವೇ ಹೋಗುತ್ತದೆ.

ಈ ಲೇಪನ ಬಹಳ ಗಟ್ಟಿಯಲ್ಲ. ಅಲ್ಲಾಡಿಸಿದರೆ, ಕುಲುಕಿದರೆ ಪದರ ಪದರವಾಗಿ ಏಳುತ್ತದೆ. ಎದ್ದ ಪುಡಿ ಬೇರೆ ಕಡೆ ಹೋಗಿ ಅಂಟುತ್ತದೆ. ಹಸಿರು ಪುಡಿ ಕೆಂಪು ದಳದ ಮೇಲೆ ಚುಕ್ಕಿಯಾಗಿ ಕೂತಿರುವುದನ್ನು ಎಷ್ಟೋ ಬಲ್ಬುಗಳಲ್ಲಿ ನೋಡಬಹುದು. ನಮ್ಮಲ್ಲಿ ಹಳೇ ಬಲ್ಬ್ ಕೈಗೆ ಬಂದ ಕೂಡಲೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವ ಅಭ್ಯಾಸ ಇದೆ ಅಲ್ವಾ, ಫಿಲಮೆಂಟ್ ಹೋಗಿದೆಯಾ ಅಂತ ನೋಡಲು? ಈ ಬಲ್ಬಿನ ಹತ್ತಿರ ಆ ಕೈ ಸುಳಿಯಬಾರದು. ಮನೆಗೆ ಬಂದವರಿಗೆ ಕೈಗೆ ಕೊಡುವ ಮೊದಲು ಇದನ್ನು ಹೇಳಿಬಿಡಿ.

ಕೊಳ್ಳುವಾಗ ಆರಿರುವ ಬಲ್ಬಿನ ಚಿತ್ರವನ್ನೂ ಕೇಳಿ, ಉರಿಯುವ ಚಿತ್ರವನ್ನೂ ಕೇಳಿ. ಮಾರುವವರು ಸಾಮಾನ್ಯವಾಗಿ ಉರಿಯುವುದನ್ನು ಮಾತ್ರ ತೋರಿಸುತ್ತಾರೆ. ಕತ್ತಲಲ್ಲಿ ಫೋನ್ ಕ್ಯಾಮೆರಾ ಬೆಳಕನ್ನು ಹಿಗ್ಗಿಸಿ ತೆಗೆಯುವುದರಿಂದ ಸಣ್ಣಪುಟ್ಟ ಕುಂದೆಲ್ಲ ಮುಚ್ಚಿಹೋಗುತ್ತದೆ. ಆರಿರುವಾಗ ಹಗಲಿನಲ್ಲಿ ತೆಗೆದ ಚಿತ್ರದಲ್ಲಿ ನಿಜ ಗೊತ್ತಾಗುತ್ತದೆ. ಲೇಪನ ಮಂಕಾಗಿ, ಸೀಮೆಸುಣ್ಣ ಬಳಿದ ಹಾಗೆ ಒಂದೇ ಸಮ ಕಾಣಬೇಕು. ನಡುವೆ ಬೂದು ಲೋಹ ಇಣುಕುತ್ತಿದ್ದರೆ ಅಲ್ಲಿ ಪುಡಿ ಇಲ್ಲ. ಉರಿಸಿದಾಗ ಆ ಜಾಗದಲ್ಲಿ ಬಣ್ಣ ಬರದೆ ಬರೀ ನೇರಳೆ ಬರುತ್ತದೆ. ಗಾಜಿನ ತಳದಲ್ಲಿ ಪುಡಿ ಸೇರಿದೆಯಾ ಅಂತಲೂ ನೋಡಿ. ಒಂದೆರಡು ಚುಕ್ಕಿ ಇದ್ದರೆ ವಯಸ್ಸಿಗೆ ತಕ್ಕದ್ದು. ಗುಡ್ಡೆ ಬಿದ್ದಿದ್ದರೆ ಬಿಟ್ಟುಬಿಡಿ.

ಎರಡನೆಯದು ಗಾಜಿನ ಕಪ್ಪು. ದೀಪ ಉರಿಯುವಾಗ ಅನಿಲದ ಕಣಗಳು ಲೋಹಕ್ಕೆ ಬಡಿದು ಅದರ ಪರಮಾಣುಗಳನ್ನು ಕಿತ್ತು ಹಾರಿಸುತ್ತಲೇ ಇರುತ್ತವೆ. ಅವು ಹೋಗಿ ಗಾಜಿನ ಒಳಮೈಗೆ ಕನ್ನಡಿಯಂತೆ, ಹೊಗೆ ಹಿಡಿದಂತೆ ಕೂರುತ್ತವೆ. ಅದು ಒಳಗಿನ ಕಪ್ಪು, ಒರೆಸಿದರೆ ಹೋಗುವುದಲ್ಲ. ಜಾಸ್ತಿ ಕಪ್ಪು ಅಂದರೆ ಬಲ್ಬ್ ಬಹಳ ಗಂಟೆ ಉರಿದಿದೆ ಅಥವಾ ಯಾರೋ ಹೆಚ್ಚು ವೋಲ್ಟೇಜ್ ಕೊಟ್ಟಿದ್ದಾರೆ ಅಂತ ಅರ್ಥ. ಇದೇ ಕಾರಣಕ್ಕೆ ನೀವೂ ರಾತ್ರಿಯಿಡೀ ಉರಿಸಬೇಡಿ. ಹಬ್ಬಕ್ಕೆ, ನೆಂಟರು ಬಂದಾಗ, ನಿಮಗೇ ನೋಡಬೇಕು ಅನ್ನಿಸಿದಾಗ ಸ್ವಲ್ಪ ಹೊತ್ತು ಸಾಕು. ಕೊಂಡ ಮೇಲೆ ಉರಿಸದೆ ಬೀರುವಿನಲ್ಲೇ ಇಡುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಉರಿಯದ ಹೂಬಲ್ಬ್ ಬರೀ ತಗಡು.

ಬಲ್ಬ್ ಹೊತ್ತಲೇ ಇಲ್ಲ ಅಂದರೆ ತಕ್ಷಣ ಸತ್ತಿದೆ ಅಂತ ತೀರ್ಮಾನ ಮಾಡಬೇಡಿ. ನಿಯಾನ್ ದೀಪಗಳಿಗೆ ಒಂದು ವಿಚಿತ್ರ ಗುಣ ಇದೆ. ಪೂರ್ತಿ ಕತ್ತಲಲ್ಲಿ ಕೆಲವು ಸರಿಯಾಗಿ ಹೊತ್ತುವುದಿಲ್ಲ, ಮಿಣಮಿಣ ಅನ್ನುತ್ತವೆ. ಮೊದಲ ಕಿಡಿಗೆ ಒಂದಿಷ್ಟು ಎಲೆಕ್ಟ್ರಾನ್ ಬಿಡಿಸಿಕೊಡಲು ಹೊರಗಿನ ಬೆಳಕು ನೆರವಾಗುತ್ತದೆ. ಟಾರ್ಚಿನ ಬೆಳಕು ಹಾಯಿಸಿ, ಹೊತ್ತಿಕೊಂಡೀತು. ಬೆಳಕಿನಲ್ಲೂ, ಸರಿಯಾದ 110 ವೋಲ್ಟಿನಲ್ಲೂ ಹೊತ್ತದಿದ್ದರೆ ಗಾಳಿ ಒಳಗೆ ಹೋಗಿರಬಹುದು, ಬುಡದಲ್ಲಿ ತಂತಿ ತುಂಡಾಗಿರಬಹುದು. ವೋಲ್ಟೇಜ್ ಏರಿಸಿ ನೋಡುವ ಸಾಹಸ ಬೇಡ.

ಬುಡದ ಮಾತು ಬಂತಲ್ಲ, ಹಿತ್ತಾಳೆ ಬುಡವನ್ನು ಗಾಜಿಗೆ ಕೂರಿಸಿದ ಸಿಮೆಂಟ್ ಇಷ್ಟು ವರ್ಷಕ್ಕೆ ಸಡಿಲವಾಗಿರುತ್ತದೆ. ಗಾಜು ಹಿಡಿದು ತಿರುಗಿಸಿದರೆ ಬುಡ ನಿಂತಲ್ಲೇ ನಿಂತು ಗಾಜು ಮಾತ್ರ ತಿರುಗುತ್ತದೆ, ಒಳಗಿನ ತಂತಿ ಕಿತ್ತುಹೋಗುತ್ತದೆ. ಪ್ಲಗ್ ಕಿತ್ತು, ಬುಡವನ್ನೇ ಹಿಡಿದು ಹಾಕಿ, ಬುಡವನ್ನೇ ಹಿಡಿದು ತೆಗೆಯಿರಿ.

ಬೆಲೆ ಕೇಳಿದ್ದೀರಿ. ಈಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಜನ ಕೇಳುವ ಬೆಲೆ ನೋಡಿ ಹೆದರಬೇಡಿ, ಹಿಗ್ಗಲೂಬೇಡಿ. ಮಾರಾಟ ಮುಗಿದ ಸಾಮಾನುಗಳನ್ನು ಮಾತ್ರ ತೋರಿಸುವ ಆಯ್ಕೆ ಅಲ್ಲೇ ಇದೆ. ಅಲ್ಲಿ ಒಂದೆರಡು ತಿಂಗಳು ಗಮನವಿಟ್ಟು ನೋಡಿ. ಹೂವುಗಳು ಹೆಚ್ಚು ಸಿಗುತ್ತವೆ, ಹಾಗಾಗಿ ಕೈಗೆಟುಕುತ್ತವೆ. ಹಕ್ಕಿ, ನಾಯಿ, ಬರಹ ಇರುವಂಥವು ಕಡಿಮೆ, ಬೆಲೆ ಜಾಸ್ತಿ. ಅದರ ಮೇಲೆ ಸಾಗಣೆ, ಕಸ್ಟಮ್ಸ್ ಸೇರುತ್ತದೆ. ಅಂಚೆಯ ದಾರಿಯಲ್ಲಿ ಪುಡಿ ಉದುರುವ ಭಯ ಬೇರೆ. ನಿಮ್ಮಂತೆ ಅಲ್ಲಿ ಮನೆಯವರು ಇದ್ದರೆ ಅವರು ಕೈಯಲ್ಲಿ ತರುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಇನ್ನೊಂದು ಎಚ್ಚರಿಕೆ. ‘ವಿಂಟೇಜ್’ ಅಂತ ಇಲ್ಲಿ ಆನ್‌ಲೈನಿನಲ್ಲಿ ಮಾರುವ, ಒಳಗೆ ‘ಲವ್’ ಅಂತ ಬರೆದಿರುವ ಬಲ್ಬುಗಳು ಎಲ್‌ಇಡಿ. ಹಳದಿ ಎಳೆಗಳನ್ನು ಬಗ್ಗಿಸಿ ಅಕ್ಷರ ಮಾಡಿರುತ್ತಾರೆ. ಚೆನ್ನಾಗಿಯೇ ಇರುತ್ತವೆ, ಆದರೆ ಜಾತಿ ಬೇರೆ. ನಮ್ಮ ಬಲ್ಬಿನಲ್ಲಿ ಬೆಳಕು ಲೋಹದ ಸುತ್ತ ಅನಿಲದಲ್ಲಿ ಇರುತ್ತದೆ.

ಟ್ರಾನ್ಸ್‌ಫಾರ್ಮರಿನ ಗೋಜು ಬೇಡ ಅನ್ನಿಸಿದರೆ ಬ್ರಿಟನ್ ಕಡೆ ನೋಡಿ. ಅಲ್ಲಿನ ಜಿಇಸಿ ಕಂಪನಿ ‘ಓಸ್‌ಗ್ಲಿಮ್’ ಹೆಸರಿನಲ್ಲಿ ನಿಯಾನ್ ದೀಪ ಮಾಡುತ್ತಿತ್ತು. ತಂತಿಯನ್ನು ಜೇನುಗೂಡಿನ ಆಕಾರಕ್ಕೆ ಸುತ್ತಿದವು, ಅಕ್ಷರದ ಆಕಾರದವು ಸಿಗುತ್ತವೆ. ಅವರ ಹೋಲ್ಡರ್ ನಮ್ಮದೇ ಪಿನ್ ಹೋಲ್ಡರ್, ವೋಲ್ಟೇಜೂ ನಮಗೆ ಹತ್ತಿರದ್ದು. ಬುಡದ ಮೇಲೆ 200ರಿಂದ 250ರ ಒಳಗಿನ ಸಂಖ್ಯೆ ಇದೆಯಾ, ಎಸಿಯಾ ಡಿಸಿಯಾ ಅಂತ ಓದಿಕೊಂಡು ಕೊಳ್ಳಿ. ಇವುಗಳಲ್ಲಿ ಬಣ್ಣದ ಪುಡಿಯ ಸೊಗಸು ಇಲ್ಲ, ಬರೀ ಕಿತ್ತಳೆ. ಆದರೆ ಆ ಜೇನುಗೂಡು ಉರಿಯುವುದನ್ನು ಒಮ್ಮೆ ನೋಡಿದವರು ಮತ್ತೊಂದು ಹುಡುಕದೆ ಇರುವುದಿಲ್ಲ.

ನಮ್ಮ ಊರಿನದ್ದನ್ನೂ ಮರೆಯಬೇಡಿ. ದೇವರ ಮನೆಯ ಕರೆಂಟಿನ ದೀಪಗಳಲ್ಲಿ ಬತ್ತಿಯ ಹಾಗೆ ತೂಗಾಡುವ ಕಿತ್ತಳೆ ಜ್ವಾಲೆಯ ಬಲ್ಬ್ ಇರುತ್ತಿತ್ತಲ್ಲ, ಅದೂ ಇದೇ ವಂಶ. ಜ್ವಾಲೆಯ ಆಕಾರದ ಎರಡು ತಗಡು, ನಡುವೆ ನಿಯಾನ್. ಈಗ ಆ ಜಾಗಕ್ಕೆ ಎಲ್‌ಇಡಿ ಬಂದಿದೆ. ಹಳೇ ಎಲೆಕ್ಟ್ರಿಕಲ್ ಅಂಗಡಿಗಳ ಮೇಲಿನ ಕಪಾಟಿನಲ್ಲಿ ಮಾರಾಟವಾಗದೆ ಉಳಿದದ್ದು ಸಿಕ್ಕೀತು. 230ಕ್ಕೆ ಅಂತಲೇ ಮಾಡಿದ್ದು, ನೇರವಾಗಿ ಉರಿಯುತ್ತದೆ. ನನ್ನನ್ನು ಕೇಳಿದರೆ ಸಂಗ್ರಹ ಇಲ್ಲಿಂದಲೇ ಶುರುವಾಗಲಿ. ಇದನ್ನು ಯಾರೂ ಎತ್ತಿಡುತ್ತಿಲ್ಲ, ಹಾಗಾಗಿ ಮುಂದೆ ಸಿಗದೆ ಹೋಗುವುದು ಇದೇ.

ಇಡುವ ಜಾಗ: ಬಿಸಿಲು ಬೀಳದ, ಬಾಗಿಲು ಬಡಿದರೆ ಅದುರದ ಕಪಾಟು. ಸ್ಪೀಕರ್ ಪಕ್ಕ ಬೇಡ. ಅಕಸ್ಮಾತ್ ಒಡೆದರೆ ಪೊರಕೆಯಿಂದ ಗುಡಿಸಬೇಡಿ. ಆ ಕಾಲದ ಕೆಲವು ಫಾಸ್ಫರ್ ಪುಡಿಗಳಲ್ಲಿ ವಿಷದ ಅಂಶ ಇರುತ್ತಿತ್ತು. ಅಂಥ ಬೆರಿಲಿಯಂ ಎಂಬ ಲೋಹ ಇದ್ದ ಪುಡಿಯನ್ನು ಅಮೆರಿಕದ ಟ್ಯೂಬ್‌ಲೈಟ್ ತಯಾರಕರು 1949ರಲ್ಲಿ ಕೈಬಿಟ್ಟರು. ನಿಮ್ಮ ಬಲ್ಬ್ ಅದಕ್ಕಿಂತ ಹಿಂದಿನದೇ ಆಗಿರಬಹುದು. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು ಕವರಿಗೆ ಕಟ್ಟಿ.

ನಿಮ್ಮ ತಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಬೇಕಾದದ್ದು ಇಷ್ಟು. ಬಲ್ಬುಗಳು ಕೈಚೀಲದಲ್ಲಿ ಬರಲಿ, ಚೆಕ್ ಇನ್ ಸೂಟ್‌ಕೇಸಿನಲ್ಲಿ ಬೇಡ. ಒಂದೊಂದಕ್ಕೂ ಬೇರೆ ಡಬ್ಬ. ಸುತ್ತ ಟಿಶ್ಯೂ ತುಂಬಿ, ಬಲ್ಬ್ ಒಂದಿಷ್ಟೂ ಅಲುಗದಂತೆ, ಬುಡ ಕೆಳಗಾಗಿ ನೆಟ್ಟಗೆ ಇಡಲಿ. ಆ ಡಬ್ಬಗಳನ್ನು ಇನ್ನೊಂದು ದೊಡ್ಡ ಡಬ್ಬದಲ್ಲಿಡಲಿ. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ತೊಂದರೆಯಿಲ್ಲ. ಹೊರಡುವ ಮೊದಲು ಅಲ್ಲಿನ ಕರೆಂಟಿನಲ್ಲೇ ಎರಡನ್ನೂ ಉರಿಸಿ ಸುತ್ತಲಿಂದ ವಿಡಿಯೋ ತೆಗೆದಿಡಲಿ, ಆರಿಸಿ ಹಗಲಿನಲ್ಲಿ ಫೋಟೋ ತೆಗೆಯಲಿ. ಇಲ್ಲಿ ಟ್ರಾನ್ಸ್‌ಫಾರ್ಮರ್ ಹಾಕಿ ಮೊದಲ ಸಲ ಉರಿಸಿದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಹಕ್ಕಿಯ ಫೋಟೋ ನನಗೂ ಕಳಿಸಿಕೊಡಿ, ರೆಕ್ಕೆಯ ಲೇಪನ ಹೇಗಿದೆ ಅಂತ ನೋಡಿ ಹೇಳುತ್ತೇನೆ.